ರಾಕ್ ಕ್ರಾಲರಿಗೆ ಯಾವ ಸರ್ವೋ? ಚಿರೆಕಲ್ಲು, ಘಟ್ಟದ ಹಳ್ಳ, ಉಪ್ಪುನೀರುಗಳಿಗೆ ಹೊಂದುವ ಆಯ್ಕೆ

ಆರ್‌ಸಿ ರಾಕ್ ಕ್ರಾಲರ್ (ರಿಮೋಟಿನಿಂದ ಓಡಿಸುವ, ಕಲ್ಲು ಹತ್ತುವ ಪುಟ್ಟ ಗಾಡಿ) ಕಟ್ಟುವವರಿಗೂ, ಸಿದ್ಧ ಗಾಡಿಯೊಂದನ್ನು ಕೊಂಡು ಸುಧಾರಿಸಲು ಹೊರಟವರಿಗೂ ಮೊದಲು ಗೊಂದಲವಾಗುವುದು ಸ್ಟೀರಿಂಗ್ ಸರ್ವೋದ, ಅಂದರೆ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟರ್ ಡಬ್ಬಿಯ ವಿಷಯದಲ್ಲಿ. ಮುನ್ನೂರು ರೂಪಾಯಿಯದರಿಂದ ಹತ್ತು ಸಾವಿರ ದಾಟಿದ್ದರವರೆಗೆ ಒಂದೇ ಅಳತೆಯ, ನೋಡಲು ಒಂದೇ ತರಹದ ಕಪ್ಪು ಡಬ್ಬಿಗಳು ಮಾರಾಟಕ್ಕಿವೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಈ ಹವ್ಯಾಸ ಹಿಡಿದವರು ನನ್ನನ್ನು ಕೇಳುವುದು ಬಹುಮಟ್ಟಿಗೆ ಇದನ್ನೇ: 20 ಕೆ.ಜಿ. ಸಾಕೇ, 35 ಕೆ.ಜಿ.ಯದೇ ಬೇಕೇ, ಹೆಸರುವಾಸಿ ಕಂಪನಿಯದಕ್ಕೆ ಅಷ್ಟು ಹಣ ಸುರಿಯಬೇಕೇ?

ಇದಕ್ಕೆ ನನ್ನ ಉತ್ತರ ಕೆ.ಜಿ.ಯಿಂದ ಶುರುವಾಗುವುದಿಲ್ಲ. ನಿಮ್ಮ ಗಾಡಿ ಆ ಸರ್ವೋಗೆ ಎಷ್ಟು ವಿದ್ಯುತ್ ಕೊಡಬಲ್ಲದು ಮತ್ತು ನೀವು ಅದನ್ನು ಎಂಥ ನೀರಿಗೆ ಇಳಿಸುತ್ತೀರಿ ಎಂಬ ಎರಡು ಮಾತು ಇತ್ಯರ್ಥವಾದ ಮೇಲೆಯೇ ಡಬ್ಬಿಯ ಮೇಲಿನ ಸಂಖ್ಯೆಗೆ ಅರ್ಥ ಬರುತ್ತದೆ. ಕೆಳಗಿನ ಹೋಲಿಕೆಯನ್ನು ಈ ಕ್ರಮದಲ್ಲಿಯೇ ಮಾಡಿದ್ದೇನೆ.

ನಮ್ಮ ನೆಲ ಕೇಳುವುದೇನು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕ್ರಾಲರ್ ಓಡುವ ನೆಲ ಮೂರು ಬಗೆಯದು. ಕುಮಟಾ, ಹೊನ್ನಾವರ, ಭಟ್ಕಳಗಳ ಕಡೆಯ ಚಿರೆಕಲ್ಲಿನ ಹಾಸುಗಳು ತೂತುತೂತಾಗಿ, ಒರಟಾಗಿ ಇರುವುದರಿಂದ ಮೆತ್ತನೆಯ ರಬ್ಬರ್ ಟೈರು ಅವುಗಳಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮುಂದಿನ ಚಕ್ರ ಒಂದು ಕುಳಿಯಲ್ಲಿ ಕೂತುಬಿಟ್ಟರೆ ಅದನ್ನು ನಿಂತಲ್ಲೇ ತಿರುಗಿಸಲು ಸರ್ವೋ ತನ್ನ ಬಲವನ್ನೆಲ್ಲ ಹಾಕಬೇಕಾಗುತ್ತದೆ. ಘಟ್ಟದ ಹಳ್ಳಗಳಲ್ಲಿ ನೀರು ಸವೆಸಿದ ಗುಂಡುಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ. ಅಲ್ಲಿ ಟೈರು ಹೇಗೂ ಜಾರುವುದರಿಂದ ಚಕ್ರ ತಿರುಗಿಸಲು ಬೇಕಾಗುವ ಬಲ ಕಡಿಮೆ, ಆದರೆ ಸರ್ವೋ ಪದೇ ಪದೇ ಮುಳುಗುತ್ತದೆ. ಕಾರವಾರ, ಗೋಕರ್ಣಗಳ ಕಡಲಂಚಿನ ಬಂಡೆಗಳಲ್ಲಿ ಹಿಡಿತವೂ ಇದೆ, ನೀರೂ ಇದೆ, ಅದರ ಮೇಲೆ ಉಪ್ಪು ಬೇರೆ.

ಇದರಿಂದ ಹೊರಡುವ ಅರ್ಥ ಸರಳವಾದದ್ದು. ಭಟ್ಕಳದ ಓದುಗರಿಗೆ ಸರಿಹೋಗುವ ಸರ್ವೋ ಸಿದ್ದಾಪುರದವರಿಗೆ ಅನಗತ್ಯವಾಗಿ ದೊಡ್ಡದಾಗಬಹುದು. ಸಿದ್ದಾಪುರದಲ್ಲಿ ವರ್ಷಗಟ್ಟಲೆ ಬಾಳುವ ಸರ್ವೋ ಕಾರವಾರದಲ್ಲಿ ಒಂದು ಬೇಸಿಗೆಯನ್ನೂ ಕಳೆಯದೆ ಹೋಗಬಹುದು. ಪ್ರಸಂಗವಶಾತ್ ಒಂದು ಮಾತು: ಶಾಲ್ಮಲೆಯ ಸಹಸ್ರಲಿಂಗದಲ್ಲಿ ಕೆತ್ತನೆಯಿರುವ ಬಂಡೆಗಳ ಮೇಲಾಗಲಿ, ಮಿರ್ಜಾನ್ ಕೋಟೆಯ ಗೋಡೆಗಳ ಮೇಲಾಗಲಿ ಗಾಡಿ ಹತ್ತಿಸುವುದು ಸಲ್ಲದು. ಓಡಿಸಲು ಬೇರೆ ಕಲ್ಲುಗಳಿಗೆ ಇಲ್ಲಿ ಬರವಿಲ್ಲ.

ಕೆ.ಜಿ. ಎಂಬ ಸಂಖ್ಯೆಯನ್ನು ಓದುವ ಬಗೆ

ಸರ್ವೋದ ಮೇಲೆ 20 ಕೆ.ಜಿ. ಎಂದು ಬರೆದಿದ್ದರೆ ಅದು 20 ಕೆ.ಜಿ.-ಸೆಂ.ಮೀ. ಟಾರ್ಕ್, ಅಂದರೆ ಸರ್ವೋದ ಶಾಫ್ಟಿನ ನಡುವಿನಿಂದ 1 ಸೆಂ.ಮೀ. ದೂರದಲ್ಲಿ 20 ಕೆ.ಜಿ. ಭಾರವನ್ನು ಹಿಡಿದು ನಿಲ್ಲಿಸುವಷ್ಟು ಬಲ. ಹಾರ್ನಿನಲ್ಲಿ (ಶಾಫ್ಟಿಗೆ ಕೂರಿಸುವ ತೋಳು) ಲಿಂಕ್ (ಚಕ್ರದ ಕಡೆಗೆ ಹೋಗುವ ಸರಳು) ಸಿಕ್ಕಿಸುವ ತೂತು 2 ಸೆಂ.ಮೀ. ದೂರದಲ್ಲಿದ್ದರೆ ಲಿಂಕಿಗೆ ಸಿಗುವುದು 10 ಕೆ.ಜಿ. ಮಾತ್ರ, ಲಿಂಕನ್ನು 1.5 ಸೆಂ.ಮೀ. ದೂರದ ಒಳತೂತಿಗೆ ಬದಲಾಯಿಸಿದರೆ ಅದೇ ಸರ್ವೋ 13 ಕೆ.ಜಿ.ಗೂ ಮಿಕ್ಕಿ ಎಳೆಯುತ್ತದೆ, ಆದರೆ ಚಕ್ರ ತಿರುಗುವ ಕೋನ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ಹಣ ಖರ್ಚು ಮಾಡುವ ಮೊದಲು ಈ ಒಂದು ಬದಲಾವಣೆಯನ್ನು ಮಾಡಿ ನೋಡುವುದು ಒಳ್ಳೆಯದು. ನಿಮ್ಮ ಗಾಡಿಯ ಚಕ್ರಗಳು ಕೊನೆಯವರೆಗೆ ತಿರುಗಿದ ಮೇಲೂ ಹಾರ್ನಿಗೆ ಚಲಿಸಲು ಜಾಗ ಉಳಿದಿದ್ದರೆ ಒಳತೂತಿಗೆ ಹೋದರೂ ನಷ್ಟವೇನಿಲ್ಲ. ಅಮೆರಿಕದ ಕಂಪನಿಗಳು ಇದನ್ನೇ ಔನ್ಸ್-ಇಂಚಿನಲ್ಲಿ ಬರೆಯುತ್ತವೆ; ಅವರ ಸಂಖ್ಯೆಯನ್ನು 13.9ರಿಂದ ಭಾಗಿಸಿದರೆ ನಮ್ಮ ಕೆ.ಜಿ.-ಸೆಂ.ಮೀ. ಸಿಗುತ್ತದೆ.

ಇನ್ನೂ ಎರಡು ಸಂಗತಿಗಳು ಆ ಸಂಖ್ಯೆಯ ಹಿಂದೆ ಇವೆ. ಒಂದು, ಅದು ಸರ್ವೋ ತಿರುಗಲಾರದೆ ನಿಂತುಹೋಗುವ ಹಂತದ ಬಲ. ಆ ಮಟ್ಟದಲ್ಲಿ ಸರ್ವೋವನ್ನು ಹೊತ್ತುಗಟ್ಟಲೆ ದುಡಿಸಿದರೆ ಮೋಟರ್ ಸುಡುತ್ತದೆ. ಎರಡು, ಆ ಬಲ ಒಂದು ನಿರ್ದಿಷ್ಟ ವೋಲ್ಟೇಜಿನಲ್ಲಿ ಮಾತ್ರ ಸಿಗುತ್ತದೆ. 35 ಕೆ.ಜಿ. ಎಂದು ಮಾರುವ ಸರ್ವೋಗಳಲ್ಲಿ ಹೆಚ್ಚಿನವು ಆ ಬಲ ಕೊಡುವುದು 7.4 ವೋಲ್ಟಿನಲ್ಲಿ. 5 ವೋಲ್ಟ್ ಕೊಡುವ ಗಾಡಿಗೆ ಅದನ್ನು ಹಾಕಿ, ಮೂವತ್ತೈದರ ಬಲವನ್ನು ನಿರೀಕ್ಷಿಸುವಂತಿಲ್ಲ.

ಹತ್ತನೇ ಒಂದು ಅಳತೆಯ (ನಿಜ ವಾಹನದ ಹತ್ತರಲ್ಲೊಂದು ಪಾಲಿನ), 1.9 ಇಂಚಿನ ರಿಮ್ಮಿನ, ಹೆಚ್ಚು ಭಾರ ತುಂಬದ ಗಾಡಿಗೆ ನಿಜವಾಗಿ ಕೈಗೆ ಸಿಗುವ 15ರಿಂದ 20 ಕೆ.ಜಿ. ಸಾಕು. ಮುಂದಿನ ಆಕ್ಸಲಿಗೆ ಹಿತ್ತಾಳೆಯ ನಕಲ್‌ಗಳನ್ನೂ (ಚಕ್ರ ತಿರುಗುವ ಕೀಲಿನ ಭಾಗ, knuckle) ತೂಕಗಳನ್ನೂ ಕೂರಿಸಿದವರು, 2.2 ಇಂಚಿನ ಮೆತ್ತನೆಯ ಟೈರು ಹಾಕಿದವರು, ಚಿರೆಕಲ್ಲಿನ ಮೇಲೆಯೇ ಹೆಚ್ಚಾಗಿ ಓಡಿಸುವವರು 25ರಿಂದ 35ರ ಕಡೆ ನೋಡಬೇಕು. ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ. 60 ಡಿಗ್ರಿ ತಿರುಗಲು 0.15ರಿಂದ 0.20 ಸೆಕೆಂಡು ಹಿಡಿಯುವ ಸರ್ವೋ ಕಲ್ಲು ಹತ್ತುವ ಗಾಡಿಗೆ ಧಾರಾಳವಾಯಿತು. ರೇಸ್ ಕಾರಿನವರು ಹುಡುಕುವ ವೇಗಕ್ಕೆ ನಾವು ಹಣ ಕೊಡುವುದು ವ್ಯರ್ಥ.

ವಿದ್ಯುತ್ ಸಾಲದಿದ್ದರೆ ಯಾವ ಸರ್ವೋವೂ ಸಾಲದು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಹಾಳಾಗಿದೆಯೆಂದು ಪಕ್ಕಕ್ಕಿಡುವ ಸರ್ವೋಗಳಲ್ಲಿ ಎಷ್ಟೋ ನಿಜಕ್ಕೂ ಹಾಳಾಗಿರುವುದಿಲ್ಲ.

ಸರ್ವೋಗೆ ವಿದ್ಯುತ್ ಬರುವುದು ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ಮೂಲಕ. ರಿಸೀವರಿಗೆ ಬರುವುದು ಗಾಡಿಯ ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ಒಳಗಿರುವ ಬಿಇಸಿಯಿಂದ. ಬ್ಯಾಟರಿಯ ವೋಲ್ಟೇಜನ್ನು 5 ಅಥವಾ 6 ವೋಲ್ಟಿಗೆ ಇಳಿಸಿ ಕೊಡುವುದು ಈ ಬಿಇಸಿಯ ಕೆಲಸ. ಸಿದ್ಧ ಗಾಡಿಗಳ ಸಾಧಾರಣ ಇಎಸ್‌ಸಿಗಳಲ್ಲಿ ಅದರ ಸಾಮರ್ಥ್ಯ ಸಾಮಾನ್ಯವಾಗಿ 2ರಿಂದ 3 ಆಂಪಿಯರ್. ಆದರೆ ದೊಡ್ಡ ಸರ್ವೋವೊಂದು ಚಕ್ರ ಸಿಕ್ಕಿಬಿದ್ದಾಗ ತಾನೊಂದೇ ಅದಕ್ಕಿಂತ ಹೆಚ್ಚು ಎಳೆಯಬಲ್ಲದು. ಆಗ ವೋಲ್ಟೇಜ್ ಕುಸಿಯುತ್ತದೆ, ಸರ್ವೋದ ಬಲವೂ ಕುಸಿಯುತ್ತದೆ. ಕುಸಿತ ಹೆಚ್ಚಾದರೆ ರಿಸೀವರೇ ಕ್ಷಣಕಾಲ ಆರಿ, ಗಾಡಿ ಏರಿನ ನಡುವೆ ಕೈಕೊಡುತ್ತದೆ. ಬೇಸಿಗೆಯಲ್ಲಿ ಲೈನಿನ ಕೊನೆಯಲ್ಲಿರುವ ತೋಟದ ಪಂಪು ವೋಲ್ಟೇಜ್ ಸಾಲದೆ ಗುಂಯ್‌ಗುಡುತ್ತ ನಿಲ್ಲುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಇನ್ನೂ ದೊಡ್ಡ ಪಂಪು ತಂದು ಕೂರಿಸಿದರೆ ತೊಂದರೆ ಹೆಚ್ಚುವುದೇ ಹೊರತು ನೀರು ಏರುವುದಿಲ್ಲ.

ಪರೀಕ್ಷೆ ಸುಲಭ. ರಿಸೀವರಿನ ಖಾಲಿ ಚಾನೆಲ್ಲಿಗೆ ಮಲ್ಟಿಮೀಟರ್ ಹಚ್ಚಿ, ಗಾಡಿಯ ಮುಂದಿನ ಚಕ್ರಗಳನ್ನು ಎರಡು ಕಲ್ಲುಗಳ ನಡುವೆ ಬಿಗಿಯಾಗಿ ನಿಲ್ಲಿಸಿ, ಸ್ಟೀರಿಂಗನ್ನು ಒಂದೆರಡು ಕ್ಷಣ ಪೂರ್ತಿ ತಿರುಗಿಸಬೇಕು. 6 ವೋಲ್ಟ್ ತೋರಿಸುತ್ತಿದ್ದ ಮೀಟರು ಐದರ ಕೆಳಗೆ ಇಳಿದರೆ ನಿಮಗೆ ಮೊದಲು ಬೇಕಾದದ್ದು ಸರ್ವೋ ಅಲ್ಲ, ಪ್ರತ್ಯೇಕ ಬಿಇಸಿ. ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ತೆಗೆದುಕೊಂಡು 6 ಅಥವಾ 7.4 ವೋಲ್ಟನ್ನು ಸರ್ವೋಗೆ ಮಾತ್ರ ಕೊಡುವ ಇಂಥ ಬಿಇಸಿಗಳು ಸಾಧಾರಣ ಬೆಲೆಗೆ ಸಿಗುತ್ತವೆ. ಹೆಸರುವಾಸಿಯಾದ ಕ್ಯಾಸಲ್ ಕ್ರಿಯೇಷನ್ಸ್‌ನ 10 ಆಂಪಿಯರ್ ಬಿಇಸಿ ಕಾರ್ಖಾನೆಯಿಂದ ಬರುವಾಗ 5.1 ವೋಲ್ಟಿಗೆ ಹೊಂದಿಸಿರುತ್ತದೆ ಎಂಬುದನ್ನು ಕೊಂಡವರು ನೆನಪಿಡಬೇಕು. ಹೆಚ್ಚು ವೋಲ್ಟೇಜ್ ಬೇಕಾದರೆ ಕಂಪ್ಯೂಟರಿಗೆ ಜೋಡಿಸಿ ಬದಲಾಯಿಸಿಕೊಳ್ಳಬೇಕು. ಪ್ರತ್ಯೇಕ ಬಿಇಸಿಯ ಕೆಂಪು ತಂತಿ ಮತ್ತು ಇಎಸ್‌ಸಿಯ ಕೆಂಪು ತಂತಿ ಎರಡೂ ರಿಸೀವರಿನಲ್ಲಿ ಒಂದನ್ನೊಂದು ಸೇರದಂತೆ ಒಂದನ್ನು ಬಿಡಿಸಿಡುವುದೂ ಮುಖ್ಯ.

ನೀರು, ಉಪ್ಪು ಮತ್ತು ಮಳೆಗಾಲ

ಐಪಿ67 ಎಂಬ ಗುರುತಿಗೆ ನಿಶ್ಚಿತ ಅರ್ಥವಿದೆ: ಧೂಳು ಒಳಹೋಗದು, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿಯಾಗದು. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಸರ್ವೋದ ಮೇಲೆ, ಶಾಫ್ಟು ತಿರುಗದೆ ನಿಂತಿರುವಾಗ. ನಮ್ಮ ಬಳಕೆಯಲ್ಲಿ ಶಾಫ್ಟು ಸದಾ ತಿರುಗುತ್ತ, ಕೆಂಪು ಮಣ್ಣಿನ ನುಣುಪು ಕಣಗಳು ರಬ್ಬರ್ ಉಂಗುರವನ್ನು ಸವೆಸುತ್ತಿರುತ್ತವೆ. ಹೀಗಾಗಿ ಐಪಿ67 ಇರುವುದನ್ನು ಕೊಳ್ಳಬೇಕು, ಕೊಂಡ ಮೇಲೆ ಅದನ್ನೇ ನೆಚ್ಚಿ ಕೂರಬಾರದು. ಬರಿದೇ ‘ವಾಟರ್‌ಪ್ರೂಫ್’ ಎಂದು ಬರೆದು ಯಾವ ಗುರುತನ್ನೂ ನಮೂದಿಸದ ಸರ್ವೋವನ್ನು ಮಳೆಹನಿ ತಡೆಯುವುದು ಎಂದಷ್ಟೇ ತಿಳಿಯುವುದು ಕ್ಷೇಮ.

ಇನ್ನೊಂದು ಸೂಕ್ಷ್ಮವಿದೆ. ಏಪ್ರಿಲ್ ಬಿಸಿಲಿನಲ್ಲಿ ಕಲ್ಲು ಹತ್ತಿ ಬಿಸಿಯಾದ ಸರ್ವೋವನ್ನು ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಆ ಸೆಳೆತಕ್ಕೆ ಉಂಗುರದ ಸಂದಿನಿಂದ ನೀರು ಒಳಸೇರುತ್ತದೆ. ಕೈಯಿಟ್ಟು ನೋಡಿ, ಬಿಸಿಯಿದ್ದರೆ ಆರಲು ಬಿಟ್ಟು ಇಳಿಸುವ ಅಭ್ಯಾಸದಿಂದ ಅಗ್ಗದ ಸರ್ವೋವೂ ಬಹಳ ಕಾಲ ಬಾಳುತ್ತದೆ.

ಉಪ್ಪುನೀರಿನ ಮಾತೇ ಬೇರೆ. ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಒಳಗೆ ಒಂದು ಹನಿ ಸೇರಿದರೂ ಬೋರ್ಡಿನ ತಾಮ್ರದ ಗೆರೆಗಳು ಹಸಿರುಗಟ್ಟಿ ತಿಂದುಹೋಗುತ್ತವೆ. ಉಕ್ಕಿನ ಗೇರು, ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಉಪ್ಪು ಕಡಲಂಚಿನಲ್ಲಿ ಮಾತ್ರ ಇದೆ ಎಂದುಕೊಳ್ಳುವುದೂ ಸರಿಯಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಹೊಳೆಯ ಹರಿವು ತಗ್ಗಿದ ಬೇಸಿಗೆಯಲ್ಲಿ ಭರತದ ನೀರು ದೂರದವರೆಗೆ ಒಳನುಗ್ಗುತ್ತದೆ. ಗಜನಿ ಗದ್ದೆಗಳ ಬದಿಯ ಕಾಲುವೆಯ ನೀರೂ ಉಪ್ಪೇ. ಇಂಥಲ್ಲಿ ಓಡಿಸಿದ ದಿನವೇ ಸಿಹಿನೀರಿನಿಂದ ತೊಳೆದು, ಒರೆಸಿ, ಶಾಫ್ಟಿನ ಬುಡಕ್ಕೆ ನೀರಿಗೆ ಬಿಡದ ಗ್ರೀಸು ಹಚ್ಚಬೇಕು. ಕನೆಕ್ಟರಿನ ಪಿನ್ನುಗಳನ್ನು ಮರೆಯಬಾರದು, ಅಲ್ಲಿ ಹಿಡಿದ ಕಿಲುಬಿನಿಂದಲೂ ವೋಲ್ಟೇಜ್ ಕುಸಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಮನೆಯೊಳಗೇ ಇದ್ದರೂ ತೇವ ಬಿಡುವುದಿಲ್ಲ. ಸಾಧಾರಣ ಸರ್ವೋದಲ್ಲಿ ಶಾಫ್ಟು ಎಲ್ಲಿದೆ ಎಂದು ಅಳೆಯುವ ಪೊಟೆನ್ಶಿಯೋಮೀಟರಿನ ಪಟ್ಟಿ ತೇವಕ್ಕೆ ಕೆಟ್ಟರೆ ಚಕ್ರ ನಿಂತಲ್ಲೇ ನಡುಗತೊಡಗುತ್ತದೆ. ಬೆಲೆ ಹೆಚ್ಚಿನ ಕೆಲವು ಸರ್ವೋಗಳಲ್ಲಿ ಅದರ ಬದಲು ಅಯಸ್ಕಾಂತದ ಸಂವೇದಕ ಇರುತ್ತದೆ. ಉಜ್ಜುವ ಪಟ್ಟಿಯೇ ಇಲ್ಲದ್ದರಿಂದ ನಮ್ಮ ಹವೆಗೆ ಅದು ಹೆಚ್ಚು ಹೊಂದುತ್ತದೆ. ಯಾವುದೇ ಆಗಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡುವುದು ಲೇಸು.

ಆಯ್ಕೆಗಳು ಒಂದೊಂದಾಗಿ

ಎಲ್ಲಕ್ಕಿಂತ ಅಗ್ಗವಾಗಿ, ಎಲ್ಲೆಡೆ ಸಿಗುವುದು ಟವರ್‌ಪ್ರೊ ಎಂಜಿ996ಆರ್ ಮತ್ತು ಅದರ ಅಸಂಖ್ಯ ನಕಲುಗಳು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಬೇಕಾಗುವ ವಸ್ತುವಾದ್ದರಿಂದ ಸುಮಾರು 300ರಿಂದ 500 ರೂಪಾಯಿಗೆ ದೊರೆಯುತ್ತದೆ. 4.8 ವೋಲ್ಟಿನಲ್ಲಿ 9.4 ಕೆ.ಜಿ., 6 ವೋಲ್ಟಿನಲ್ಲಿ 11 ಕೆ.ಜಿ. ಬಲ, 55 ಗ್ರಾಂ ತೂಕ, ಲೋಹದ ಗೇರು. ನೀರಿನಿಂದ ಯಾವ ರಕ್ಷಣೆಯೂ ಇಲ್ಲ, ಗೇರುಗಳ ನಡುವೆ ಸಡಿಲ ಹೆಚ್ಚು, ನಡುಸ್ಥಾನಕ್ಕೆ ಕರಾರುವಾಕ್ಕಾಗಿ ಮರಳುವುದಿಲ್ಲ. ಸ್ವಂತವಾಗಿ ಗಾಡಿ ಕಟ್ಟಿ, ಸ್ಟೀರಿಂಗ್ ಜೋಡಣೆಯನ್ನು ಹೊಂದಿಸಿ ನೋಡುವ ಹಂತಕ್ಕೆ ಇದು ಸರಿ. ಬೇಸಿಗೆಯಲ್ಲಿ ಅಂಗಳದ ಒಣಕಲ್ಲುಗಳ ಮೇಲೆ ಮಕ್ಕಳು ಓಡಿಸಲಿಕ್ಕೂ ಸಾಕು. ಹಳ್ಳಕ್ಕೆ ಇಳಿಸುವವರು ಇದರ ಮೇಲೆ ಹಣ ಹಾಕುವುದು ಬೇಡ.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಓದುಗರಿಗೆ ಹೊಂದುವುದು ಇದರ ಮುಂದಿನ ಮೆಟ್ಟಿಲಾದ ಡಿಎಸ್3218 ಮತ್ತು ಡಿಎಸ್3225. ಮೊದಲನೆಯದಕ್ಕೆ ತಯಾರಕರು ಕೊಡುವ ಬಲ 5 ವೋಲ್ಟಿನಲ್ಲಿ 19, 6.8 ವೋಲ್ಟಿನಲ್ಲಿ 21.5 ಕೆ.ಜಿ.; ಎರಡನೆಯದು ಹೆಚ್ಚಿನ ವೋಲ್ಟೇಜಿನಲ್ಲಿ 25ರ ಹತ್ತಿರ ಬರುತ್ತದೆ. ತೂಕ 60 ಗ್ರಾಂ, ಗೇರು ಲೋಹದ್ದು, ಜೋಡಣೆಯ ಸಂದುಗಳಲ್ಲಿ ರಬ್ಬರಿನ ತಡೆಯಿದೆ. ಬೆಲೆ ಸಾವಿರದಿಂದ ಎರಡು ಸಾವಿರದೊಳಗೆ. ಇವು 5 ವೋಲ್ಟಿನಲ್ಲೂ ಹೇಳಿದ ಬಲದ ಬಹುಭಾಗವನ್ನು ಕೊಡುತ್ತವೆ ಎಂಬುದು, ಬಿಇಸಿ ಬದಲಾಯಿಸಲು ಮನಸ್ಸಿಲ್ಲದವರಿಗೆ ದೊಡ್ಡ ಅನುಕೂಲ. ಕೊರತೆಗಳೂ ಇವೆ. ಒಂದು ಬ್ಯಾಚಿನ ಸರ್ವೋಗೂ ಇನ್ನೊಂದು ಬ್ಯಾಚಿನದಕ್ಕೂ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣುತ್ತದೆ, ಗದ್ದಲ ಸ್ವಲ್ಪ ಹೆಚ್ಚು, ತಿಂಗಳುಗಳು ಕಳೆದಂತೆ ಗೇರಿನಲ್ಲಿ ಸಡಿಲ ಬರುತ್ತದೆ. 6.8 ವೋಲ್ಟಿನ ಮಿತಿ ಮೀರುವಂತೆಯೂ ಇಲ್ಲ. ತುಂಬಿದ 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ; 3ಎಸ್ ಎಂದರೆ ಮೂರು ಸೆಲ್ಲು) 8.4 ವೋಲ್ಟ್ ಇರುವುದರಿಂದ ಅದಕ್ಕೆ ನೇರವಾಗಿ ಜೋಡಿಸಬಾರದು.

ಇವನ್ನು ಕೊಳ್ಳುವಾಗ ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ರೋಬೋಟ್ ಕಟ್ಟುವವರಿಗಾಗಿ ಇದೇ ಹೆಸರಿನ ಸರ್ವೋಗಳು 180 ಡಿಗ್ರಿಯವು, 270 ಡಿಗ್ರಿಯವು ಎಂದು ಎರಡು ಬಗೆಯಲ್ಲಿ ಬರುತ್ತವೆ. ಎಂಜಿ996ಆರ್‌ನಲ್ಲಿ ಸತತ ಸುತ್ತುವ 360 ಡಿಗ್ರಿಯದೂ ಇದೆ. ಸ್ಟೀರಿಂಗಿಗೆ ಬೇಕಾದದ್ದು 180ರದು. 270ರದನ್ನು ಹಾಕಿದರೆ ರಿಮೋಟಿನ ಸಣ್ಣ ಚಲನೆಗೂ ಚಕ್ರ ಹೆಚ್ಚು ತಿರುಗಿ ನಾಜೂಕು ತಪ್ಪುತ್ತದೆ. ಸತತ ಸುತ್ತುವುದು ಸ್ಟೀರಿಂಗಿಗೆ ಬರುವುದೇ ಇಲ್ಲ, ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ವಿಂಚಿಗೆ ಬೇಕಾದರೆ ಬಳಸಬಹುದು.

ಡಿಎಸ್3235ರಂಥ 35 ಕೆ.ಜಿ. ವರ್ಗದವು ಬೆಲೆಯಲ್ಲಿ ಒಂದು ಮೆಟ್ಟಿಲು ಮೇಲೆ. ಭಾರದ ಆಕ್ಸಲ್, ಚಿರೆಕಲ್ಲು, 7.4 ವೋಲ್ಟ್ ಕೊಡುವ ಬಿಇಸಿ ಈ ಮೂರೂ ಇದ್ದಾಗ ಇವು ಸಾರ್ಥಕ. ಮೂರನೆಯದು ಇಲ್ಲದಿದ್ದರೆ, ಹಿಂದೆ ಹೇಳಿದಂತೆ, 25ರದಕ್ಕಿಂತ ಸ್ವಲ್ಪವಷ್ಟೇ ಹೆಚ್ಚಿನ ಬಲಕ್ಕೆ ಹೆಚ್ಚು ಹಣ ಕೊಟ್ಟಂತಾಗುತ್ತದೆ. ಬಲ ಹೆಚ್ಚಿದಂತೆ ಮುಂದಿನ ದುರ್ಬಲ ಕೊಂಡಿ ಮುರಿಯುವುದೂ ಇದೆ: ಪ್ಲಾಸ್ಟಿಕ್ ಹಾರ್ನ್, ತೆಳು ಲಿಂಕ್, ಸರ್ವೋ ಹಿಡಿದಿಡುವ ಪಟ್ಟಿ ಇವನ್ನೂ ಅಲ್ಯೂಮಿನಿಯಮ್ಮಿಗೆ ಬದಲಾಯಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

ಸಾವೋಕ್ಸ್‌ನಂಥ ಹೆಸರುವಾಸಿ ಕಂಪನಿಯ ಸರ್ವೋಗಳಲ್ಲಿ ಕ್ರಾಲರಿನವರು ಹೆಚ್ಚು ನೋಡುವುದು ಎರಡನ್ನು. ಎಸ್‌ಡಬ್ಲ್ಯು-0231ಎಂಜಿ 6 ವೋಲ್ಟಿನಲ್ಲಿ 15 ಕೆ.ಜಿ. ಕೊಡುತ್ತದೆ, ಎಸ್‌ಡಬ್ಲ್ಯು-1210ಎಸ್‌ಜಿ 6 ವೋಲ್ಟಿನಲ್ಲಿ 20, 7.4ರಲ್ಲಿ 23 ಕೆ.ಜಿ. ಕೊಡುತ್ತದೆ, ಇದರ ಗೇರು ಉಕ್ಕಿನದು, ಮೋಟರ್ ಕೋರ್‌ಲೆಸ್. ಡಬ್ಬಿಯ ಮೇಲಿನ ಸಂಖ್ಯೆಯಲ್ಲಿ ಅಗ್ಗದವುಗಳಿಗಿಂತ ಹೆಚ್ಚೇನೂ ಕಾಣದಿದ್ದರೂ ಹೇಳಿದ ಬಲವನ್ನು ಇವು ನಿಜಕ್ಕೂ ಕೊಡುತ್ತವೆ, ನಡುಸ್ಥಾನಕ್ಕೆ ಸರಿಯಾಗಿ ಮರಳುತ್ತವೆ, ನೀರಿನ ತಡೆಯನ್ನು ನಂಬಬಹುದು, ಗೇರು ಸವೆದರೆ ಬದಲಿ ಗೇರಿನ ಸೆಟ್ ಸಿಗುತ್ತದೆ. ಬೆಲೆಯೋ, ಆಮದು ಸುಂಕ ಸೇರಿ ಅಗ್ಗದವುಗಳ ಹಲವು ಪಟ್ಟು. ಇವುಗಳ ವಿದ್ಯುತ್ ಹಸಿವೂ ದೊಡ್ಡದು. ದುರ್ಬಲ ಬಿಇಸಿಯ ಗಾಡಿಗೆ ಹಾಕಿದವರು ‘ಇಷ್ಟು ಹಣ ಕೊಟ್ಟರೂ ರಿಸೀವರ್ ಆರುತ್ತದೆ’ ಎಂದು ದೂರುವುದು ಇದರಿಂದಲೇ. ರಿಸೀವರಿನ ಖಾಲಿ ಚಾನೆಲ್ಲಿಗೆ ಕೆಪಾಸಿಟರ್ ಸಿಕ್ಕಿಸುವುದು ಕ್ಷಣಿಕ ಕುಸಿತಗಳಿಗೆ ನೆರವಾಗುತ್ತದೆ, ಬಿಇಸಿಯ ಬದಲು ಅದೇ ಸಾಕು ಎನ್ನುವಂತಿಲ್ಲ.

ಕೋರ್‌ಲೆಸ್ ಮೋಟರಿನ ಒಂದು ಗುಣ ಚಿರೆಕಲ್ಲಿನವರಿಗೆ ಗೊತ್ತಿರಬೇಕು. ಒಳಗೆ ಕಬ್ಬಿಣದ ತಿರುಳಿಲ್ಲದ ಹಗುರ ಸುರುಳಿ ಆದ್ದರಿಂದ ಅದು ಚುರುಕು. ಅದೇ ಕಾರಣಕ್ಕೆ ಬಿಸಿಯನ್ನು ಹೀರಿ ತಡೆದುಕೊಳ್ಳುವ ಶಕ್ತಿ ಕಡಿಮೆ. ಚಕ್ರ ಕುಳಿಯಲ್ಲಿ ಸಿಕ್ಕಿರುವಾಗ ಸ್ಟೀರಿಂಗನ್ನು ಒತ್ತಿಯೇ ಹಿಡಿದರೆ ಅದು ಸಾಧಾರಣ ಮೋಟರಿಗಿಂತ ಬೇಗ ಸುಡುತ್ತದೆ. ಒತ್ತುವುದನ್ನು ಬಿಟ್ಟು, ಗಾಡಿಯನ್ನು ಒಂದಿಷ್ಟು ಹಿಂದೆ ಸರಿಸಿ ತಿರುಗಿಸುವುದು ಜಾಣತನ.

ಬ್ರಶ್‌ಲೆಸ್ ಮೋಟರಿನ, ಬ್ಯಾಟರಿಯಿಂದಲೇ ನೇರವಾಗಿ ವಿದ್ಯುತ್ ಪಡೆಯುವ ಸರ್ವೋಗಳು ಈ ಸಾಲಿನ ತುದಿಯಲ್ಲಿವೆ. ಹೋಮ್ಸ್ ಹಾಬೀಸ್, ರೀಫ್ಸ್ ಆರ್‌ಸಿ ಮುಂತಾದ ಅಮೆರಿಕದ ಕಂಪನಿಗಳು ಕ್ರಾಲರಿಗೆಂದೇ ಬ್ಯಾಟರಿಗೆ ನೇರವಾಗಿ ಜೋಡಿಸುವ ಸರ್ವೋಗಳನ್ನು ಮಾಡುತ್ತವೆ. ಬ್ರಶ್ ಇಲ್ಲದ್ದರಿಂದ ಸವೆತ ಕಡಿಮೆ, ನೇರ ಜೋಡಣೆಯಿಂದ ಬಿಇಸಿಯ ತೊಡಕೇ ಇಲ್ಲ, ಬಲ ಬೇಕಾದಷ್ಟು. ಆದರೆ ಬೆಲೆ ಹತ್ತು ಸಾವಿರದ ಮೇಲೆ ಹೋಗುವುದು ಸಾಮಾನ್ಯ, ಕೆಟ್ಟರೆ ದುರಸ್ತಿಗೆ ಹೊರದೇಶಕ್ಕೇ ಕಳಿಸಬೇಕು. ಕೊಳ್ಳುವ ಮೊದಲು ಅದು 2ಎಸ್‌ಗೆ ಮಾತ್ರವೋ 3ಎಸ್‌ಗೂ ಆಗುವುದೋ ಎಂದು ಖಚಿತಪಡಿಸಿಕೊಳ್ಳಬೇಕು. 8.4 ವೋಲ್ಟ್ ಮಿತಿಯ ಸರ್ವೋಗೆ 12.6 ವೋಲ್ಟಿನ ತುಂಬಿದ 3ಎಸ್ ಕೊಟ್ಟರೆ ಬೋರ್ಡು ಆ ಕ್ಷಣವೇ ಹೋಗುತ್ತದೆ.

ಚಿಕ್ಕ ಗಾಡಿಗಳ ಲೆಕ್ಕ ಪ್ರತ್ಯೇಕ. ಇಪ್ಪತ್ನಾಲ್ಕನೇ ಒಂದು ಅಳತೆಯ ಎಸ್‌ಸಿಎಕ್ಸ್24ರಂಥವುಗಳಿಗೆ 2 ಕೆ.ಜಿ. ಆಸುಪಾಸಿನ ಬಲ ಸಾಕು. ಇಮ್ಯಾಕ್ಸ್ ಇಎಸ್08ಎಂಎ-2, 12 ಗ್ರಾಂ ತೂಕದ ಲೋಹದ ಗೇರಿನ ಸರ್ವೋ, 6 ವೋಲ್ಟಿನಲ್ಲಿ 2 ಕೆ.ಜಿ. ಕೊಡುವುದರಿಂದ ಈ ಗಾಡಿಗಳಿಗೆ ಬಹಳ ಜನ ಹಾಕುತ್ತಾರೆ. ಎಂಜಿ90ಎಸ್ ಅದಕ್ಕಿಂತ ಅಗ್ಗ. ಪ್ಲಾಸ್ಟಿಕ್ ಗೇರಿನ ಎಸ್‌ಜಿ90 ಮಾತ್ರ ಬೇಡ, ಮೊದಲ ಕಲ್ಲಿಗೇ ಹಲ್ಲು ಮುರಿಯುತ್ತದೆ. ಇವುಗಳಲ್ಲಿ ಯಾವುದಕ್ಕೂ ನೀರಿನ ತಡೆಯಿಲ್ಲವಾದ್ದರಿಂದ ಚಿಕ್ಕ ಗಾಡಿಗಳು ಒಣ ನೆಲದಲ್ಲಿರುವುದೇ ವಾಸಿ.

ಯಾರಿಗೆ ಯಾವುದು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಳ್ಳದ ಕಲ್ಲುಗಳ ಮೇಲೆ ಓಡಿಸುವ, ಎರಡು ಸಾವಿರದೊಳಗೆ ಮುಗಿಸಬೇಕೆನ್ನುವವರಿಗೆ ಡಿಎಸ್3218 ಸಾಕು. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ಮೇಲಿನ ದರ್ಜೆಗೆ ಹೋಗುವ ಬದಲು ಅದನ್ನೇ ಇನ್ನೊಂದು ಕೊಂಡಿಡುವುದು ಮೇಲು. ನಮ್ಮಲ್ಲಿ ಇಂಥ ವಸ್ತುಗಳ ಅಂಗಡಿ ಹತ್ತಿರದಲ್ಲಿಲ್ಲ. ಮಳೆ ನಿಂತು ಹಳ್ಳ ತಿಳಿಯಾದ ಕಾಲದಲ್ಲಿ ಸರ್ವೋ ಕೆಟ್ಟರೆ ಕೊರಿಯರ್ ಬರುವವರೆಗೆ ಗಾಡಿ ಕಪಾಟಿನಲ್ಲೇ ಕೂರುತ್ತದೆ.

ಚಿರೆಕಲ್ಲಿನ ಹಾಸಿನಲ್ಲಿ ಓಡಿಸುವ ಕುಮಟಾ, ಹೊನ್ನಾವರ, ಭಟ್ಕಳದವರು ಹಣವನ್ನು ಎರಡು ಪಾಲು ಮಾಡಿ, ಒಂದರಲ್ಲಿ ಪ್ರತ್ಯೇಕ ಬಿಇಸಿ, ಇನ್ನೊಂದರಲ್ಲಿ ಡಿಎಸ್3225 ಅಥವಾ 35ರ ವರ್ಗದ್ದು ಕೊಳ್ಳಬೇಕು. ಎಲ್ಲ ಹಣವನ್ನೂ ಸರ್ವೋಗೇ ಸುರಿದು ಹಳೆಯ ಬಿಇಸಿಯಲ್ಲಿ ಓಡಿಸುವುದಕ್ಕಿಂತ ಇದರಲ್ಲಿ ಹೆಚ್ಚು ಬಲ ಸಿಗುತ್ತದೆ.

ಕಾರವಾರ, ಅಂಕೋಲಾ, ಗೋಕರ್ಣಗಳ ಕಡಲಂಚಿನವರಿಗೆ ನಾನು ಹೇಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಉಪ್ಪುನೀರಿಗೆ ಮೇಲಿಂದ ಮೇಲೆ ಇಳಿಸುವುದೇ ಆದರೆ ದುಬಾರಿ ಸರ್ವೋ ಬೇಡ. ಎಷ್ಟೇ ಒಳ್ಳೆಯ ತಡೆಯಿದ್ದರೂ ಉಪ್ಪು ಒಂದು ದಿನ ಒಳಸೇರುತ್ತದೆ. ಆಗ ಹೋಗುವುದು ಸಾವಿರದೈನೂರರದ್ದಾಗಲಿ. ನೀರಿಗಿಳಿಯದೆ ಬಂಡೆಗಳ ಮೇಲ್ಭಾಗದಲ್ಲೇ ಓಡಿಸಿ, ತೊಳೆದು ಒರೆಸಿ ಇಡುವ ಶಿಸ್ತಿರುವವರಿಗೆ 1210ಎಸ್‌ಜಿಯಂಥದ್ದು ಸಾರ್ಥಕ. ವರ್ಷಗಟ್ಟಲೆ ಒಂದೇ ಸಮನೆ ದುಡಿಯುವ ಸರ್ವೋದ ಸುಖ ಅದರಲ್ಲಿದೆ. ಸ್ಪರ್ಧೆಗೆ ಹೊರರಾಜ್ಯಗಳಿಗೆ ಹೋಗುವವರು, ನಾಲ್ಕೂ ಚಕ್ರ ತಿರುಗುವ ಗಾಡಿಗೆ ಎರಡು ಸರ್ವೋ ಕೂರಿಸುವವರು ಮಾತ್ರ ಬ್ರಶ್‌ಲೆಸ್ ಕಡೆ ನೋಡಲಿ. ಅಲ್ಲಿಯೂ ಹಿಂದಿನ ಆಕ್ಸಲಿಗೆ ಮುಂದಿನಷ್ಟೇ ಬಲ ಬೇಕಾಗಿಲ್ಲ, ಒಂದು ದರ್ಜೆ ಕಡಿಮೆಯದು ನಡೆಯುತ್ತದೆ.

ಸರ್ವೋವನ್ನು ಆಕ್ಸಲಿನ ಮೇಲೆಯೇ ಕೂರಿಸುವ ಗಾಡಿಯಾದರೆ ತೂಕ ಕೆಳಗಿಳಿದು ಹತ್ತುವಾಗ ಸ್ಥಿರತೆ ಸಿಗುತ್ತದೆ, ಆದರೆ ನೀರಿಗೆ ಮೊದಲು ಮುಳುಗುವುದೂ ಅದೇ. ಚಾಸಿಸ್ಸಿನ ಮೇಲೆ ಕೂರಿಸಿದರೆ ಆಳವಿಲ್ಲದ ಹಳ್ಳಗಳಲ್ಲಿ ಅದು ಒಣಗಿಯೇ ಉಳಿಯುತ್ತದೆ. ಎರಡಕ್ಕೂ ಅವಕಾಶವಿರುವ ಗಾಡಿಯಲ್ಲಿ, ನಮ್ಮ ಜಿಲ್ಲೆಯ ಮಟ್ಟಿಗೆ, ಎರಡನೆಯದರ ಕಡೆಗೆ ನನ್ನ ಒಲವು.

ಕೊಂಡ ಮೇಲೆ, ಕೂರಿಸುವ ಮೊದಲು

ಸರ್ವೋದ ಶಾಫ್ಟಿನ ಹಲ್ಲುಗಳ ಎಣಿಕೆ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಮೇಲೆ ಹೇಳಿದ ದೊಡ್ಡ ಸರ್ವೋಗಳು 25 ಹಲ್ಲಿನವು. ಹೈಟೆಕ್ ಕಂಪನಿಯ ಬಹಳಷ್ಟು ಸರ್ವೋಗಳಿಗೆ 24, ಜೆಆರ್, ಸಾನ್ವಾಗಳಿಗೆ 23. ಒಂದು ಹಲ್ಲು ಹೆಚ್ಚುಕಡಿಮೆಯಾದ ಹಾರ್ನನ್ನು ಒತ್ತಿ ಕೂರಿಸಿದರೆ ಹಾರ್ನೂ ಶಾಫ್ಟೂ ಎರಡೂ ಕೆಡುತ್ತವೆ. ಅಲ್ಯೂಮಿನಿಯಮ್ಮಿನ, ಪಕ್ಕದಿಂದ ಸ್ಕ್ರೂ ಬಿಗಿದು ಹಿಡಿಯುವ ಹಾರ್ನ್ ಒಳ್ಳೆಯದು.

ಸರ್ವೋ ಬಂದೊಡನೆ ಅದನ್ನು ಗಾಡಿಗೆ ಕೂರಿಸದೆ, ಹಾರ್ನೂ ಹಾಕದೆ ರಿಸೀವರಿಗೆ ಜೋಡಿಸಿ ಎರಡೂ ಬದಿಗೆ ತಿರುಗಿಸಿ ನೋಡಬೇಕು: ನಡುಸ್ಥಾನದಲ್ಲಿ ನಡುಗುತ್ತಿದೆಯೇ, ತಿರುಗುವಾಗ ಗೇರಿನ ಸದ್ದು ಎಲ್ಲಾದರೂ ತಡವರಿಸುತ್ತಿದೆಯೇ, ಬಿಟ್ಟಾಗ ಮೊದಲಿದ್ದಲ್ಲಿಗೇ ಮರಳುತ್ತಿದೆಯೇ. ದೋಷ ಕಂಡರೆ ಸ್ಕ್ರೂ ಗುರುತು ಬೀಳುವ ಮೊದಲೇ ಹಿಂದಿರುಗಿಸುವುದು ಸುಲಭ. ಸರಿಯಿದ್ದರೆ ರಿಮೋಟಿನ ಟ್ರಿಮ್ (ನಡುಸ್ಥಾನ ಸರಿಪಡಿಸುವ ಹೊಂದಾಣಿಕೆ) ಸೊನ್ನೆಯಲ್ಲಿಟ್ಟು, ಸರ್ವೋ ನಡುಸ್ಥಾನದಲ್ಲಿರುವಾಗಲೇ ಹಾರ್ನನ್ನು ನೇರವಾಗಿ ಕೂರಿಸಿ, ನಡುವಿನ ಎಂ3 ಸ್ಕ್ರೂವಿಗೆ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಬೇಕು. ಕೊನೆಗೆ ರಿಮೋಟಿನಲ್ಲಿ ಎಂಡ್‌ಪಾಯಿಂಟನ್ನು (ಸರ್ವೋ ತಿರುಗುವ ಕೊನೆಯ ಮಿತಿಯನ್ನು) ಎರಡೂ ಬದಿಗೆ ಇಳಿಸಿ, ಚಕ್ರ ಆಕ್ಸಲಿನ ತಡೆಗೆ ತಾಗುವುದಕ್ಕೆ ಕೂದಲೆಳೆಯಷ್ಟು ಮೊದಲೇ ಸರ್ವೋ ನಿಲ್ಲುವಂತೆ ಹೊಂದಿಸಬೇಕು. ತಡೆಗೆ ಒತ್ತಿಕೊಂಡು ಗುನುಗುವ ಸರ್ವೋ ಅಲ್ಲಿ ಮಾಡುವ ಕೆಲಸ ಏನೂ ಇರುವುದಿಲ್ಲ. ಬ್ಯಾಟರಿಯನ್ನು ತಿನ್ನುತ್ತ, ತಾನೂ ಬಿಸಿಯಾಗುತ್ತಿರುತ್ತದೆ.